ಸೈದಪ್ಪನ ಮೊದಲ ಭಟ್ಟಿ

೧೯೮೩ರ ಜುಲೈ. ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ತೆಂಗಿನ ಕರಟದ ಇದ್ದಿಲಿಗೆ ಭಟ್ಟಿಯಲ್ಲಿ ಉಗಿ ಹಾಯಿಸಿ, ನೀರು ಶುದ್ಧ ಮಾಡುವ ಕಾರ್ಬನ್ ತಯಾರಿಸುತ್ತಿದ್ದರು. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಒಂಬೈನೂರು ದಾಟಿದರೆ ಮಾಲು ಪಾಸು.

ಆ ವಾರ ರಾಯಚೂರು ಕಡೆಯ ಸೈದಪ್ಪ ಮೊದಲ ಸಲ ಒಬ್ಬನೇ ಭಟ್ಟಿ ನಡೆಸಿದ್ದ. ಆರು ವರ್ಷ ಅಲ್ಲೇ ಮೂಟೆ ಹೊತ್ತವನು. ಪಾಸಾದರೆ ಪರ್ಮನೆಂಟ್, ಇಲ್ಲದಿದ್ದರೆ ಗೇಟಿನ ಹೊರಗೆ ಎಂದು ಮ್ಯಾನೇಜರ್ ತಾರಾನಾಥರು ಮೊದಲೇ ಹೇಳಿದ್ದರು.

"ಸರ, ನನ್ನ ಹಣೇಬರಹ ನಿಮ್ಮ ಬಾಟ್ಲ್ಯಾಗ ಐತ್ರಿ. ಚಂದಂಗ ಅಲ್ಲಾಡಸ್ರಿ," ಎಂದು ನಗುತ್ತಾ ಸ್ಯಾಂಪಲ್ ಕೊಟ್ಟು ಹೋದ.

ತೂಗುವ ಮೊದಲು ಕಾರ್ಬನ್ನನ್ನು ಓವನ್ನಿನಲ್ಲಿ ಮೂರು ಗಂಟೆ ಒಣಗಿಸಬೇಕು. ಮಳೆಗಾಲದಲ್ಲಿ ಅದೇ ಓವನ್ನಿನಲ್ಲಿ ಆಫೀಸಿನವರ ಊಟದ ಡಬ್ಬಿಗಳೂ ಬಿಸಿಯಾಗುತ್ತಿದ್ದವು. ಡಬ್ಬಿಗಳು ಬಂದಾಗ ಸ್ಯಾಂಪಲಿನ ತಟ್ಟೆ ತೆಗೆದು ಕಿಟಕಿಯ ಬಳಿ ಇಟ್ಟೆ. ಮುಚ್ಚಲಿಲ್ಲ. ಊಟವಾದ ಮೇಲೆ ಮತ್ತೆ ಒಳಗಿಡುವುದನ್ನು ಮರೆತು ಹಾಗೆಯೇ ತೂಗಿದೆ.

ಏಳುನೂರ ಎಂಬತ್ತು ಬಂತು.

"ಎಂತ ಮಾರಾಯ, ಇವ ಕಾರ್ಬನ್ ಮಾಡಿದ್ದಾ, ಬಚ್ಚಲೊಲೆಯ ಮಸಿ ಮಾಡಿದ್ದಾ?" ಎಂದರು ತಾರಾನಾಥರು. ಸಂಜೆಯೊಳಗೆ ಸೈದಪ್ಪನನ್ನು ಕೆಲಸದಿಂದ ತೆಗೆದರು.

ಮರುದಿನ, ತಟ್ಟೆಯಲ್ಲಿ ಉಳಿದಿದ್ದನ್ನು ಒಣಗಿಸಿ ನೋಡಿದೆ. ತೂಕದಲ್ಲಿ ಏಳನೇ ಒಂದು ಪಾಲು ಇಳಿದಿತ್ತು. ಕಾರ್ಬನ್ ಮಳೆಗಾಳಿಯ ನೀರು ಹೀರಿಕೊಂಡಿತ್ತು, ಆ ನೀರನ್ನೂ ನಾನು ಕಾರ್ಬನ್ ಎಂದು ತೂಗಿದ್ದೆ. ಮತ್ತೆ ಅಳೆದೆ. ಒಂಬೈನೂರ ಹತ್ತು.

ಹೊಸ ಅಂಕಿ ತೋರಿಸಿದಾಗ ತಾರಾನಾಥರು, "ಮತ್ತೆ ನಿನ್ನೆ ಯಾಕೆ ಕಮ್ಮಿ ಬಂತು?" ಎಂದರು. "ಅವನ ಭಟ್ಟಿ ಒಂದೊಂದು ಕಡೆ ಒಂದೊಂದು ತರ ಉರಿದಿರಬೇಕು. ಹೋದದ್ದೇ ಒಳ್ಳೆದಾಯ್ತು," ಎಂದು ಅವರೇ ಉತ್ತರವನ್ನೂ ಕೊಟ್ಟುಕೊಂಡರು. ನಾನು ಅಲ್ಲ ಎನ್ನಲಿಲ್ಲ.

ಭಾನುವಾರ ಡೊಂಬಿವಲಿ ಸ್ಟೇಶನ್ನಿನಲ್ಲಿ ಸೈದಪ್ಪ ಸಿಕ್ಕ. ಜೊತೆಗೆ ಹೆಂಡತಿ ಸತ್ಯಮ್ಮ, ಎರಡು ಗಂಟು.

"ಬದಲಾಪುರದಾಗ ಒಂದು ಭಟ್ಟಿ ಕೆಲಸ ಐತಂತ್ರಿ, ಸರ. ನಂದು ತಪ್ಪು ಎಲ್ಲಿ ಆತು, ಅಷ್ಟು ಹೇಳಿಬಿಡ್ರಿ. ಅಲ್ಲೂ ಹಂಗ ಮಾಡಬಾರದಲ್ರಿ."

ಕೇಳುವಾಗ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ.

"ಉಗಿ ಸ್ವಲ್ಪ ಕಡಿಮಿ ಆಗಿತ್ತು," ಎಂದೆ.

"ನಾ ಬಡಕೊಂಡೆ, ಕಲತವರನ್ನ ಕೇಳು ಅಂತ," ಎಂದಳು ಸತ್ಯಮ್ಮ. "ಯಾರ ಮಾತು ಕೇಳತಾನ್ರಿ ಇಂವ!"

"ಕೇಳಿದೆನಲ್ಲ ಈಗ! ದೊಡ್ಡ ಉಪಕಾರ ಆತ್ರಿ ಸರ. ಇನ್ನ ಮ್ಯಾಲೆ ಅರ್ಧ ತಾಸು ಜಾಸ್ತಿನ ಬಿಡ್ತೀನಿ."

ಅರ್ಧ ತಾಸು ಹೆಚ್ಚು ಉಗಿ ಬಿಟ್ಟರೆ ಕಾರ್ಬನ್ ಒಳಗೊಳಗೇ ಸುಟ್ಟು ಬೂದಿಯಾಗುತ್ತದೆ. ಅವನ ಕೈಗೆ ಸರಿಯಾದ ಅಳತೆ ತಾನಾಗಿ ಬಂದಿತ್ತು. ಅದನ್ನು ನಾನು ಕೆಡಿಸಿದೆ.

ಲೋಕಲ್ ಬಂತು. ಸತ್ಯಮ್ಮ ಹತ್ತಿದಳು, ಅವನು ಗಂಟುಗಳನ್ನು ಕೊಟ್ಟು ತಾನೂ ಹತ್ತಿ, ಬಾಗಿಲಲ್ಲಿ ನಿಂತು ಕೈಮುಗಿದ. ಏನೋ ಅಡಚಣೆಯಾಗಿ ಗಾಡಿ ಆ ದಿನ ತುಂಬ ಹೊತ್ತು ಅಲ್ಲೇ ನಿಂತಿತ್ತು. ಆ ಅರ್ಧ ತಾಸು ಬೇಡ ಎಂದು ಹೇಳಲು ಅಷ್ಟು ಹೊತ್ತು ಸಾಕಿತ್ತು.