ಮದುಮಗಳ ಮುಖ, ದಾರ ಮತ್ತು ಲೇಸರ್

ಪೇಶಾನ್‌ಳ ಗದ್ದದ ಮೇಲೆ ಕೂದಲು ಹುಟ್ಟುತ್ತಿದ್ದ ವಿಷಯ ಲುಕಾಂಗ್ ಪೇಟೆಗೆ ಗೊತ್ತಿರಲಿಲ್ಲ. ಅವಳ ತಾಯಿ ಸೂಯಿನ್‌ಗೆ ಗೊತ್ತಿತ್ತು. ಮಗಳು ಬೆಳಿಗ್ಗೆ ಎದ್ದವಳೇ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಚಿಮಟದಿಂದ ಒಂದೊಂದೇ ಕೂದಲು ಕೀಳುತ್ತಿದ್ದಳು. ಆಮೇಲೆ ಮಾಸ್ಕ್ ಕಟ್ಟಿಕೊಂಡು ತಾಯಿಯ ಜೊತೆ ಚಿಪ್ಪುಮೀನಿನ ಆಮ್ಲೆಟ್ ಅಂಗಡಿಗೆ ಹೊರಡುತ್ತಿದ್ದಳು. ಕಾವಲಿಯ ಹೊಗೆಗಾಗಿ ಮಾಸ್ಕ್ ಎಂದು ಗಿರಾಕಿಗಳು ತಿಳಿದಿದ್ದರು. ಕಿತ್ತ ಜಾಗದಲ್ಲಿ ಗುಳ್ಳೆ ಏಳುತ್ತಿತ್ತು. ಗುಳ್ಳೆ ಮಾಗಿದ ಮೇಲೆ ಕಪ್ಪು ಚುಕ್ಕೆ ಉಳಿಯುತ್ತಿತ್ತು.

ಈಗ ಮದುವೆ ಗೊತ್ತಾಗಿತ್ತು. ಚಳಿಗಾಲದ ಆರಂಭದಲ್ಲೊಂದು ಒಳ್ಳೆಯ ದಿನವನ್ನು ಪಂಚಾಂಗ ನೋಡಿ ಹಿಡಿದಿದ್ದರು. ಮದುಮಗಳು ಮಾಸ್ಕ್ ಕಟ್ಟಿಕೊಂಡು ಕೂರುವಂತಿಲ್ಲ.

ಪಕ್ಕದ ಮನೆಯ ಹುಯಿಜೂ ಚರ್ಮರೋಗದ ಕ್ಲಿನಿಕ್ಕಿನಲ್ಲಿ ನರ್ಸ್. ಒಂದು ಮಧ್ಯಾಹ್ನ ಅಂಗಡಿಗೆ ತಿನ್ನಲು ಬಂದವಳಿಗೆ ಪೇಶಾನ್ ಮೆಲ್ಲಗೆ ಮಾಸ್ಕ್ ಇಳಿಸಿ ತೋರಿಸಿದಳು.

"ಇಷ್ಟು ದಿನ ಯಾಕೆ ಬಚ್ಚಿಟ್ಟುಕೊಂಡಿದ್ಯೇ?" ಎಂದಳು ಹುಯಿಜೂ. "ಲೇಸರ್ ಮಾಡಿಸಬಹುದು. ಆದರೆ ಇವತ್ತಿಂದ ಚಿಮಟ ಮುಟ್ಟಬೇಡ. ನಾಲ್ಕು ವಾರ ಏನೂ ಕೀಳಬಾರದು. ಕ್ಲಿನಿಕ್ಕಿಗೆ ಬರೋ ಹಿಂದಿನ ದಿನ ಬ್ಲೇಡಿಂದ ಬೋಳಿಸ್ಕೊಂಡು ಬಾ."

ಕಾವಲಿಯ ಹಿಂದಿನಿಂದ ಸೂಯಿನ್ ಸಟ್ಟುಗ ಎತ್ತಿದಳು. "ಬ್ಲೇಡಾ? ಹೆಣ್ಣುಮಗಳ ಮುಖಕ್ಕೆ? ಬೋಳಿಸಿದ್ರೆ ಇನ್ನೂ ದಪ್ಪಗೆ ಬರ್ತದೆ. ಮದುವೆ ದಿನಕ್ಕೆ ಮದುಮಗಳು ಯಾರು, ಮದುಮಗ ಯಾರು ಅಂತ ಜನ ಕೇಳಬೇಕಾ?"

"ದಪ್ಪ ಆಗಲ್ಲ ಚಿಕ್ಕಮ್ಮ. ಕೂದಲಿನ ತುದಿ ಸಣ್ಣಗಿರ್ತದೆ. ಬೋಳಿಸಿದಾಗ ಅದು ನಡುವಲ್ಲಿ ಕತ್ತರಿಸಿ ಮೊಂಡಾಗ್ತದೆ, ಅದಕ್ಕೆ ಕೈಗೆ ಒರಟು ಅನಿಸ್ತದೆ. ಬುಡದಲ್ಲಿ ಏನೂ ಬದಲಾಗಲ್ಲ."

ಸೂಯಿನ್ ಆಮ್ಲೆಟ್ ಮಗುಚಿದಳು. ಆ ಮಾತನ್ನು ನಂಬಲಿಲ್ಲ.

ನಾಲ್ಕು ವಾರ ಪೇಶಾನ್ ಚಿಮಟ ಮುಟ್ಟಲಿಲ್ಲ. ಕೂದಲು ಚುಚ್ಚುವಷ್ಟು ಬೆಳೆಯಿತು. ಮದುಮಗ ವೆನ್‌ಹಾವ್ ಸಿನಿಮಾಕ್ಕೆ ಕರೆದರೆ ತಲೆನೋವು ಎಂದಳು. ಊಟಕ್ಕೆ ಕರೆದಾಗಲೂ ಅದೇ ತಲೆನೋವು. ಅವನು ಕರೆಯುವುದನ್ನು ಕಡಿಮೆ ಮಾಡಿದ. ಕ್ಲಿನಿಕ್ಕಿನ ದಿನ ಹತ್ತಿರ ಬಂದಾಗ ಸೂಯಿನ್‌ಗೆ ತಡೆಯಲಾಗಲಿಲ್ಲ. ಬೆಳೆದ ಗಡ್ಡ ಇಟ್ಟುಕೊಂಡು ಡಾಕ್ಟರ ಮುಂದೆ ಕೂರುವುದು ಮರ್ಯಾದೆಯಲ್ಲ. ಬ್ಲೇಡಂತೂ ಬೇಡವೇ ಬೇಡ. ಬ್ಲೇಡಾದರೇನು, ದಾರವಾದರೇನು, ಕೂದಲು ಹೋದರೆ ಸರಿ ತಾನೆ? ಹಾಗೆಂದುಕೊಂಡು ಹಿಂದಿನ ದಿನ ಮಗಳನ್ನು ಅಕಿಂ ಅಜ್ಜಿಯ ಹತ್ತಿರ ಕರೆದೊಯ್ದಳು.

ಮಾರುಕಟ್ಟೆಯ ಮೂಲೆಯಲ್ಲಿ ಎರಡು ಸ್ಟೂಲು, ಒಂದು ಡಬ್ಬಿ ಬಿಳಿ ಪುಡಿ, ಒಂದು ಉಂಡೆ ಹತ್ತಿದಾರ: ಇಷ್ಟೇ ಅಕಿಂ ಅಜ್ಜಿಯ ಅಂಗಡಿ. ಮುಖಕ್ಕೆ ಪುಡಿ ಬಳಿದು, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಹೆಣೆದ ದಾರವನ್ನು ಬೆರಳಲ್ಲಿ ತೆರೆದು ಮುಚ್ಚುತ್ತ ಬಂದರೆ ಕೂದಲು ಬುಡಸಮೇತ ಕಿತ್ತು ಬರುತ್ತದೆ.

"ಮದುವೆಗೆ ಮುಂಚೆ ಮುಖ ತೆರೆಯೋದು ಇನ್ನೂ ಉಂಟಲ್ಲ," ಎಂದಳು ಅಜ್ಜಿ. ಮದುಮಗಳ ಮುಖಕ್ಕೆ ಶಾಸ್ತ್ರಕ್ಕೆಂದು ದಾರ ಆಡಿಸುವುದಕ್ಕೆ ಅಲ್ಲಿ ಆ ಹೆಸರು. ಗಂಡ ಮಕ್ಕಳು ಚೆನ್ನಾಗಿರುವ ಹೆಂಗಸೇ ಅದನ್ನು ಮಾಡಬೇಕು. ಅಕಿಂ ಅಜ್ಜಿಗೆ ಎಲ್ಲರೂ ಇದ್ದರು. "ಹಣೆ ಕೆನ್ನೆ ಅವತ್ತಿಗಿರಲಿ. ಈಗ ಗದ್ದ ಮಾತ್ರ ಮಾಡ್ತೀನಿ."

ಪೇಶಾನ್ ಹಿಂಜರಿದಳು. "ಹುಯಿಜೂ ಅಕ್ಕ ಕೀಳಬೇಡ ಅಂದಿದ್ದಾರೆ..."

"ಚಿಮಟದಿಂದ ಅಂದಿದ್ದಾಳೆ. ಇದು ದಾರ. ಸುಮ್ಮನೆ ಕೂರು," ಎಂದಳು ಸೂಯಿನ್.

ಮರುದಿನ ಕ್ಲಿನಿಕ್ಕಿನಲ್ಲಿ ಹುಯಿಜೂ ದೀಪವನ್ನು ಗದ್ದದ ಹತ್ತಿರ ತಂದು ನೋಡಿದಳು. ಮತ್ತೊಮ್ಮೆ ನೋಡಿದಳು. ಚರ್ಮ ನುಣ್ಣಗೆ, ಕೆಂಪಗೆ ಇತ್ತು.

"ಯಾರು ಕಿತ್ತದ್ದು?"

"ಎಷ್ಟು ನೀಟಾಗಿದೆ ನೋಡು!" ಎಂದಳು ಸೂಯಿನ್ ಹೆಮ್ಮೆಯಿಂದ.

ಡಾಕ್ಟರ್ ಲೂ ಬಂದು ನೋಡಿ ತಲೆ ಅಲ್ಲಾಡಿಸಿದರು. "ಲೇಸರ್ ಬೆಳಕು ಹಿಡಿಯೋದು ಕೂದಲಿನ ಕಪ್ಪು ಬಣ್ಣವನ್ನ. ಆ ಬಣ್ಣ ಬಿಸಿಯಾಗಿ, ಬಿಸಿ ಬುಡಕ್ಕೆ ಇಳಿದು ಬುಡ ಕೆಡಬೇಕು. ಬ್ಲೇಡಲ್ಲಿ ಬೋಳಿಸಿದರೆ ಚರ್ಮದೊಳಗೆ ಕೂದಲು ಉಳಿದಿರ್ತದೆ. ದಾರ, ಚಿಮಟ, ಮೇಣ, ಇವೆಲ್ಲ ಬುಡದಿಂದಲೇ ಕೀಳ್ತವೆ. ಕೂದಲೇ ಇಲ್ಲದ ಮೇಲೆ ಬೆಳಕು ಯಾವುದನ್ನ ಹಿಡಿಯಬೇಕು? ಇವತ್ತು ಮಾಡೋಕೆ ಬರಲ್ಲ. ಇನ್ನೊಂದು ತಿಂಗಳು ಬಿಟ್ಟು ಬನ್ನಿ."

ಪೇಶಾನ್ ಮಾಸ್ಕ್ ಮತ್ತೆ ಕಟ್ಟಿಕೊಂಡಳು.

ಮನೆಗೆ ಬಂದ ಮೇಲೆ ಮಗಳು ಹೇಳಿದ್ದು ಒಂದೇ ಮಾತು: "ಮದುವೆ ಮುಂದಕ್ಕೆ ಹಾಕೋಣ ಅಮ್ಮಾ."

ಹಾಳುಮಾಡಿದ್ದು ತಾನೇ ಎಂದು ಸೂಯಿನ್‌ಗೆ ಗೊತ್ತಿತ್ತು. ಹಾಗಾಗಿ ಸರಿಪಡಿಸುವ ಅವಸರವೂ ಅವಳಿಗೇ ಹೆಚ್ಚಿತ್ತು. ಬಸ್ ನಿಲ್ದಾಣದ ಹಿಂದಿನ ಬ್ಯೂಟಿ ಪಾರ್ಲರ್ ಮುಂದೆ ಒಂದು ಬೋರ್ಡು ಇತ್ತು: ಲೇಸರ್, ಒಂದೇ ಸಲಕ್ಕೆ, ಜೀವನಪೂರ್ತಿ. ಒಳಗೆ ಹೋಗಿ ವಿಚಾರಿಸಿಯೂ ಬಂದಳು. ಡಾಕ್ಟರ್ ಇಲ್ಲ, ತಪಾಸಣೆ ಇಲ್ಲ, ನಾಳೆಯೇ ಬನ್ನಿ ಎಂದಿದ್ದರು.

ಸಂಜೆ ಹುಯಿಜೂ ಮನೆಗೆ ಬಂದಾಗ ಸೂಯಿನ್ ಮೊದಲು ತಾನೇ ಬಾಯಿ ತೆರೆದಳು. "ನಿಮ್ಮಲ್ಲಾದರೆ ಆರು ಸಲ ಬಾ, ಎಂಟು ಸಲ ಬಾ ಅಂತೀರಿ. ಬಸ್ ನಿಲ್ದಾಣದ ಹಿಂದಿನ ಪಾರ್ಲರಿನವರದು ಒಂದೇ ಸಲ."

"ಒಂದೇ ಸಲಕ್ಕೆ ಹೇಗೆ ಆಗ್ತದೆ ಚಿಕ್ಕಮ್ಮ? ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯಲ್ಲ. ಕೆಲವು ಬೆಳೀತಿರ್ತವೆ, ಕೆಲವು ಮಲಗಿರ್ತವೆ. ಬೆಳೀತಿರೋದಕ್ಕೆ ಮಾತ್ರ ಲೇಸರ್ ಸರಿಯಾಗಿ ತಾಗೋದು. ಅದಕ್ಕೇ ಕೆಲವು ವಾರ ಬಿಟ್ಟು ಬಿಟ್ಟು ಮಾಡ್ತೀವಿ. ಜೀವನಪೂರ್ತಿ ಅಂತ ನಮ್ಮ ಡಾಕ್ಟರೂ ಹೇಳಲ್ಲ. ಕಡಿಮೆ ಆಗ್ತದೆ, ತೆಳ್ಳಗಾಗ್ತದೆ ಅಂತಾರೆ. ಮುಖದ್ದು ಆಮೇಲೂ ಆಗಾಗ ಮಾಡಿಸಬೇಕಾಗಬಹುದು."

"ಸುಡ್ತದಾ?"

"ಚರ್ಮ ನೋಡದೆ ಹೊಡೆದರೆ ಸುಡ್ತದೆ. ಬಿಸಿಲಿಗೆ ಕಪ್ಪಾದ ಚರ್ಮದಲ್ಲೂ ಬಣ್ಣ ಇರ್ತದಲ್ಲ, ಅದೂ ಬಿಸಿ ಹಿಡೀತದೆ. ಸುಟ್ಟ ಕಲೆ ಇಟ್ಟುಕೊಂಡು ಮದುವೆ ಮನೆಗೆ ಹೋಗೋಕಿಂತ ನಾಲ್ಕು ಕೂದಲು ಇಟ್ಟುಕೊಂಡು ಹೋಗೋದು ವಾಸಿ."

ಪೇಶಾನ್ ಕೇಳಿದಳು: "ಮದುವೆ ಹೊತ್ತಿಗೆ ಎಷ್ಟು ಸಲ ಆಗ್ತದೆ ಅಕ್ಕ?"

"ಎರಡು. ಸ್ವಲ್ಪ ಕಡಿಮೆ ಆಗಿರ್ತದೆ, ಪೂರ್ತಿ ಹೋಗಿರಲ್ಲ. ಉಳಿದದ್ದನ್ನ ಅವತ್ತು ಬೆಳಿಗ್ಗೆ ಬೋಳಿಸ್ಕೊಂಡರೆ ಯಾರಿಗೂ ಕಾಣಲ್ಲ."

"ಗಂಡನ ಮನೆಗೆ ರೇಜರ್ ಹೊತ್ತುಕೊಂಡು ಹೋಗ್ತಾಳಾ?" ಎಂದಳು ಸೂಯಿನ್. ಆದರೆ ಈ ಸಲ ಅದು ಗದರಿಕೆಯಾಗಿರಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಿತ್ತು.

"ಅದನ್ನ ನಾನೇ ಹೇಳ್ತೀನಿ," ಎಂದಳು ಪೇಶಾನ್.

ಮಾರನೇ ದಿನ ಊದುಬತ್ತಿ ಕಾರ್ಖಾನೆಯಿಂದ ಮೈತುಂಬ ಪುಡಿ ಮೆತ್ತಿಕೊಂಡು ಬಂದ ವೆನ್‌ಹಾವ್‌ನ ಎದುರು ಅವಳು ಮಾಸ್ಕ್ ತೆಗೆದು, ಗದ್ದದ ಕಲೆಗಳನ್ನು ತೋರಿಸಿ, ಕೂದಲಿನ ವಿಷಯ, ರೇಜರಿನ ವಿಷಯ ಎಲ್ಲ ಹೇಳಿದಳು. ಸೂಯಿನ್ ಕಾವಲಿಯ ಹಿಂದೆ ಸಟ್ಟುಗ ಹಿಡಿದು ನಿಂತಿದ್ದಳು. ಆತ ನೋಡಿದ. "ಇದಕ್ಕೇನಾ ಅಷ್ಟೊಂದು ತಲೆನೋವು? ನಾನು ನಿನಗೆ ಬೇಡವಾದೆ ಅಂತ ಒಂದು ತಿಂಗಳಿಂದ ನಿದ್ದೆಗೆಟ್ಟಿದ್ದೀನಿ ಮಾರಾಯ್ತಿ. ರೇಜರ್ ಬೇರೆ ತಗೋ. ನನ್ನದು ಮುಟ್ಟಬೇಡ," ಎಂದ. ಪೇಶಾನ್ ನಕ್ಕಳು, ಆಮೇಲೆ ಅತ್ತಳು. ಕಾವಲಿಯ ಮೇಲಿದ್ದ ಆಮ್ಲೆಟ್ ಸೀದುಹೋಯಿತು.

ಒಂದು ತಿಂಗಳು ಕಳೆದು ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಲೂ ಮೊದಲು ಕೇಳಿದ್ದು ಬೇರೆಯೇ. "ಮುಟ್ಟು ಸರಿಯಾಗಿ ಆಗ್ತದಾ?"

ಎರಡು ಮೂರು ತಿಂಗಳಿಗೊಮ್ಮೆ ಎಂದಳು ಪೇಶಾನ್. ತಾಯಿಗೆ ಅದು ಹೊಸ ಸುದ್ದಿ. ರಕ್ತ ಪರೀಕ್ಷೆಯಲ್ಲಿ ಹಾರ್ಮೋನಿನ ಏರುಪೇರು ಇದೆಯೆಂದು ತಿಳಿಯಿತು; ಹೆಂಗಸರ ಡಾಕ್ಟರಲ್ಲಿ ಅದಕ್ಕೂ ಚಿಕಿತ್ಸೆ ಶುರುವಾಯಿತು. ಎಷ್ಟು ಕಿತ್ತರೂ ಗದ್ದದಲ್ಲಿ ಗಟ್ಟಿ ಕೂದಲು ಯಾಕೆ ಬರುತ್ತಿತ್ತೆಂಬುದು ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಯಾಗಿತ್ತು. ಲೇಸರನ್ನು ಮೊದಲು ಗದ್ದದ ಕೆಳಗೆ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ಚರ್ಮ ತಡೆಯುತ್ತದೆಂದು ಖಚಿತವಾದ ಮೇಲೆ ಉಳಿದ ಕಡೆ ಮಾಡಿದರು. ರಬ್ಬರ್ ಬ್ಯಾಂಡಿನಿಂದ ಹೊಡೆದ ಹಾಗಿತ್ತು ಎಂದಳು ಪೇಶಾನ್. ಅಂಗಡಿಗೆ ಹೊರಡುವ ಮುಂಚೆ ದಿನಾ ಸನ್‌ಸ್ಕ್ರೀನ್ ಹಚ್ಚಬೇಕೆಂದೂ ಅಪ್ಪಣೆಯಾಯಿತು.

"ನನಗೂ ಗದ್ದದಲ್ಲಿ ನಾಲ್ಕಿದೆ, ಹೇಗೂ ಬಂದಿದ್ದೀನಿ," ಎಂದಳು ಸೂಯಿನ್.

"ನಿಮ್ಮದು ಬೆಳ್ಳಗಾಗಿದೆಯಲ್ಲಮ್ಮ. ಬಿಳಿ ಕೂದಲು ಲೇಸರಿಗೆ ಕಾಣಲ್ಲ," ಎಂದರು ಡಾಕ್ಟರ್.

"ಹಾಗಾದ್ರೆ ನನಗೆ ಅಕಿಂ ಅಕ್ಕನೇ ಗತಿ."

"ತಪ್ಪೇನಿಲ್ಲ. ಮಗಳ ಕೆನ್ನೆಯ ನವಿರು ರೋಮಕ್ಕೂ ಅವರ ದಾರವೇ ಸರಿ. ಅಂಥದ್ದರ ಮೇಲೆ ಲೇಸರ್ ಹೆಚ್ಚು ಕೆಲಸ ಮಾಡಲ್ಲ, ಕೆಲವರಿಗೆ ಇನ್ನೂ ಹೆಚ್ಚಾಗಿಬಿಡೋದೂ ಉಂಟು."

ಮದುವೆಯ ಮುನ್ನಾದಿನ ಅಕಿಂ ಅಜ್ಜಿ ಹೊಸ ಬಟ್ಟೆಯೇನೂ ತೊಡದೆ, ದಿನದ ಅಂಗಿಯ ಮೇಲೊಂದು ಕೆಂಪು ಹೂ ಸಿಕ್ಕಿಸಿಕೊಂಡು ಬಂದಳು. ಪೇಶಾನ್‌ಳನ್ನು ಹೊಸಿಲಿನ ಕಡೆ ಮುಖಮಾಡಿ ಕೂರಿಸಿ, ಹರಸಿ, ಹಣೆಗೆ ದಾರ ಆಡಿಸಿದಳು. ಕೆನ್ನೆಗೆ ಬಂದಳು. ದಾರ ಇನ್ನೂ ಕೆಳಗಿಳಿಯುವಷ್ಟರಲ್ಲಿ ಸೂಯಿನ್ ಮುಂದೆ ಬಾಗಿ ಮಗಳ ಗದ್ದಕ್ಕೆ ತನ್ನ ಅಂಗೈ ಅಡ್ಡ ಹಿಡಿದಳು.

"ಇಷ್ಟು ಬಿಡಿ ಅಕ್ಕ. ಇದು ಡಾಕ್ಟರ ಪಾಲು."

"ಮುಖ ಪೂರ್ತಿ ತೆರೆಯದಿದ್ದರೆ ಹೇಗೆ?" ಎಂದಳು ಅಜ್ಜಿ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

ಸೂಯಿನ್ ಕೈ ತೆಗೆಯಲಿಲ್ಲ. "ಮಾಸ್ಕ್ ಇಲ್ಲದೆ ಕೂತಿದ್ದಾಳೆ ನೋಡಿ. ಅದಕ್ಕಿಂತ ಇನ್ನೇನು ತೆರೀಬೇಕು?"

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಹೆಣ್ಣುಮಕ್ಕಳೇ, ಮುಖದ ಕೂದಲು ನಾಚಿಕೆಯ ವಿಷಯವಲ್ಲ. ದಾರವಾಗಲಿ, ಬ್ಲೇಡಾಗಲಿ, ಲೇಸರಾಗಲಿ, ಯಾವುದು ಬೇಕೆಂಬ ಆಯ್ಕೆ ನಿಮ್ಮದು. ಏನೂ ಮಾಡದೆ ಬಿಡುವುದೂ ಒಂದು ಆಯ್ಕೆಯೇ. ಲೇಸರ್ ಬೇಕೆಂದಾದರೆ ಯಂತ್ರ ಯಾರ ಕೈಯಲ್ಲಿದೆ, ಡಾಕ್ಟರ್ ನಿಮ್ಮ ಚರ್ಮ ನೋಡಿದ್ದಾರೆಯೇ ಎಂದು ಕೇಳಿ ತಿಳಿಯಿರಿ, ಅದಕ್ಕೆ ಮುಂಚಿನ ವಾರಗಳಲ್ಲಿ ಏನನ್ನೂ ಕೀಳಬೇಡಿ. ನೀವು ಗರ್ಭಿಣಿಯಾಗಿದ್ದರೆ, ಮೊಡವೆಗೆ ಅಥವಾ ಬೇರೆ ಯಾವುದಕ್ಕಾದರೂ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಗದ್ದದ ಮೇಲೆ ಗಟ್ಟಿ ಕೂದಲು ಬಂದು, ಮುಟ್ಟೂ ಏರುಪೇರಾಗುತ್ತಿದ್ದರೆ ಕನ್ನಡಿಯ ಮುಂದೆ ಒಬ್ಬರೇ ಕೂರಬೇಡಿ. ಡಾಕ್ಟರ ಬಳಿಗೆ ಹೋಗಿ, ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.