ನಾಯಿಯ ಪಾಲು

ಕಾಶಿಯ ಸೋನಾರ್‌ಪುರದ ಗಲ್ಲಿಯ ಆ ಮನೆಯಲ್ಲಿ ಭೈರುವಿಗೂ ಒಂದು ಉದ್ಯೋಗವಿತ್ತು. ಕರ್ನಾಟಕದಿಂದ ಬಂದವರಿಗೆ ಬದರೀನಾರಾಯಣ ಭಟ್ಟರು ಶ್ರಾದ್ಧ ಮಾಡಿಸುವರು, ಹೆಂಡತಿ ಕಾತ್ಯಾಯನಿ ಅಡುಗೆ ಮಾಡುವಳು, ಹಸುವಿಗೆ ಕಾಗೆಗೆ ಎತ್ತಿಟ್ಟಂತೆ ನಾಯಿಗೆಂದು ಎತ್ತಿಟ್ಟ ಪಾಲನ್ನು ಭೈರು ಹಿತ್ತಿಲಲ್ಲಿ ತಿನ್ನುವುದು. ಆರು ವರ್ಷದಲ್ಲಿ ಅದು ಒಂದು ದಿನವೂ ರಜೆ ಹಾಕಿರಲಿಲ್ಲ. ಹುರುಪು ಮಾತ್ರ ಅತಿಯಾಯಿತು. ಎಲೆ ನೆಲ ಮುಟ್ಟುವ ಮೊದಲೇ ಹಾರತೊಡಗಿತು. ಹೋಳಿ ಕಳೆದ ವಾರ ಹುಬ್ಬಳ್ಳಿಯ ಯಜಮಾನರೊಬ್ಬರ ಬೆರಳಿಗೆ ಹಲ್ಲು ತಾಗಿ, ಅವರು ಕಾಶಿಯಾತ್ರೆಯ ಉಳಿದ ದಿನಗಳನ್ನು ಸೂಜಿ ಚುಚ್ಚಿಸಿಕೊಳ್ಳುವುದರಲ್ಲೇ ಕಳೆದರು.

"ಇನ್ನೊಂದ್ಸಲ ಹಿಂಗಾದ್ರೆ ದೋಣಿ ಹತ್ತಿಸಿ ಗಂಗೆಯಾಚೆ ರಾಮನಗರದಲ್ಲಿ ಬಿಟ್ಟು ಬರ್ತೀನಿ," ಎಂದರು ಭಟ್ಟರು. ಆಡಿದ್ದನ್ನು ಮಾಡಿಯೇ ತೀರುವ ಪೈಕಿ ಅವರು.

ಚರಂಡಿಗೆ ಬಿದ್ದಿದ್ದ ಮರಿಯನ್ನು ಸೆರಗಿನಲ್ಲಿ ಎತ್ತಿ ತಂದವಳು ಕಾತ್ಯಾಯನಿ. ಹಗಲೆಲ್ಲ ಹಿಂದಿಯಲ್ಲಿ ಏಗಿ ಬಂದು ಕನ್ನಡದಲ್ಲಿ ಮನಸ್ಸು ಬಿಚ್ಚುತ್ತಿದ್ದುದು ಅದರ ಮುಂದೆ. ಮಠದ ಅಡುಗೆಯವರ ಮಗ ಈಶ ಮನೆಮನೆಗೆ ಹೋಗಿ ನಾಯಿ ಪಳಗಿಸುತ್ತಾನೆಂದು ಕೇಳಿ, ಅವನನ್ನೇ ಕರೆಸಿದಳು.

ಅವಳು ಭೈರುವಿಗೆ ಊಟ ಹಾಕುವುದನ್ನು ಈಶ ಒಂದು ದಿನ ಸುಮ್ಮನೆ ಕೂತು ನೋಡಿದ. "ಗಲತಿ ನಾಯೀದಲ್ಲ ಆಂಟಿ, ನಿಮ್ದು. ಹಾರಿದ್ರೆ ಸಿಗ್ತದೆ ಅಂತ ನೀವೇ ಕಲಿಸೀರಿ. ಇನ್ಮೇಲೆ ನೀವು 'ತಗೋ' ಅನ್ನೋ ತನಕ ಮುಟ್ಟಬಾರ್ದು. ಬೇರೆ ಯಾರು ಕರದ್ರೂ ಇಲ್ಲ. ಬಿಲ್ಕುಲ್ ಇಲ್ಲ. ತಿಂದು ಬಂದು ನಿಮ್ಮ ಮುಂದೆ ಕೂತ್ರೆ ತಲೆ ಸವರಿ, ಅದನ್ನ ಮಾತ್ರ ಮರೀಬೇಡಿ."

ಮೊದಲು ಒಣ ರೊಟ್ಟಿ, ಆಮೇಲೆ ಪನೀರು, ಕೊನೆಗೆ ಗೋದೌಲಿಯಾ ಪೇಟೆಯ ಬಿಸಿ ಜಿಲೇಬಿ. ಶ್ರಾದ್ಧದ ಪಾಲು ಗಲ್ಲಿಯ ನಾಯಿಗಳಿಗೆ ಹೋದ ಆ ಮೂರು ವಾರದಲ್ಲಿ ಭೈರು ಜೊಲ್ಲು ಸುರಿಸುತ್ತ, ಜಿಲೇಬಿಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂರುವುದನ್ನು ಕಲಿಯಿತು. ಕಾತ್ಯಾಯನಿ ಹಿಗ್ಗಿ ಹೋದಳು. ಶ್ರಾದ್ಧದ ದಿನ ಎಲೆ ಇಡುವವರು ಯಾರೆಂದು ಈಶ ಕೇಳಲಿಲ್ಲ, ಬೇರೆಯವರೆಂದು ಇವಳಿಗೂ ಹೊಳೆಯಲಿಲ್ಲ.

ಗುರುವಾರ ಬಂದವರು ತಿಪಟೂರಿನ ಶಂಕರನಾರಾಯಣ, ನಿವೃತ್ತ ಮೇಷ್ಟ್ರು. ತಂದೆಗಲ್ಲ, ಮಗನಿಗೆ ಶ್ರಾದ್ಧ ಮಾಡಲು ಬಂದಿದ್ದರು. ಅಡುಗೆಮನೆಯ ಹೊಸ್ತಿಲಾಚೆ ನಿಂತು, ಕೇಳದಿದ್ದರೂ ಹೇಳಿದರು. "ಊಟಕ್ಕೆ ಕೂತಾಗ ಬೈದೆ ತಾಯಿ. ಅರ್ಧಕ್ಕೇ ಎದ್ದು ಬೈಕ್ ಹತ್ತಿದ. ಮತ್ತೆ ಬರ್ಲಿಲ್ಲ."

ಪಾಲು ಇಡುವ ಹೊತ್ತಾಯಿತು. ಮೇಷ್ಟ್ರು ಹಿತ್ತಿಲಲ್ಲಿ ಎಲೆಯನ್ನು ನೆಲಕ್ಕಿಟ್ಟರು. ಭೈರು ಹಾರಲಿಲ್ಲ. ಬೊಗಳಲಿಲ್ಲ. ಎಲೆಯ ಮುಂದೆ ಕೂತು, ಬಾಗಿಲಲ್ಲಿದ್ದ ಕಾತ್ಯಾಯನಿಯ ಕಡೆಗೆ ಮುಖ ತಿರುಗಿಸಿತು.

"ತಿನ್ನೋ," ಎಂದರು ಮೇಷ್ಟ್ರು. ಎಲೆಯನ್ನು ಮುಂದಕ್ಕೆ ಸರಿಸಿದರು. "ತಿನ್ನಪ್ಪ. ಬೈಯಲ್ಲ ನಾನು. ಇನ್ಯಾವತ್ತೂ ಬೈಯಲ್ಲ, ತಿನ್ನೋ ಮಗ."

ಕಾತ್ಯಾಯನಿಗೆ ಆಗ ಹೊಳೆಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿದರೆ ನಾಯಿ ಅವಳ ಮಾತಿಗೆ ತಿಂದಂತೆ, ಹೇಳದಿದ್ದರೆ ಮಗ ಅಪ್ಪನ ಅನ್ನ ಒಲ್ಲೆನೆಂದಂತೆ. ಭಟ್ಟರು ಕಣ್ಣಲ್ಲೇ ಗದರಿದರು. ಮೇಷ್ಟ್ರು ಬಗ್ಗಿ ಕೂತು ಬಿಕ್ಕತೊಡಗಿದರು. ಅದನ್ನು ಅವಳಿಂದ ನೋಡಲಾಗಲಿಲ್ಲ.

"ತಗೋ," ಎಂದಳು, ಆದಷ್ಟು ಮೆಲ್ಲಗೆ.

ಭೈರು ಒಂದು ಅಗುಳೂ ಬಿಡದೆ ತಿಂದಿತು.

ಮೇಷ್ಟ್ರು ಎಲೆಯನ್ನು ನೋಡಿದರು, ಆಮೇಲೆ ಅವಳನ್ನು. "ನೀವು ಹೇಳದೇ ಹೋಗಿದ್ರೆ?"

"ಹಂಗಲ್ಲ ರಾಯರೇ, ಅದಕ್ಕೆ ಅಭ್ಯಾಸ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬಿಡಿಸಿ ಹೇಳಿದಷ್ಟೂ ಕೆಡುತ್ತಿತ್ತು.

"ಇರ್ಲಿ ಬಿಡಿ. ಬದುಕಿದ್ದಾಗ್ಲೂ ನನ್ನ ಮಾತು ಕೇಳ್ತಿರ್ಲಿಲ್ಲ," ಎಂದು ಮೇಷ್ಟ್ರು ಕೈ ತೊಳೆಯಲು ಎದ್ದರು.

ಭಟ್ಟರು ಅವಳ ಪಕ್ಕದಲ್ಲಿ ಹಾದು ಹೋಗುತ್ತ, "ಚೆನ್ನಾಗಿ ಪಳಗಿದೆ. ಮನೇಲೇ ಇರ್ಲಿ," ಎಂದರು. ಮೂರು ವಾರದಿಂದ ಅವಳು ದೇವರಲ್ಲಿ ಬೇಡಿದ್ದು ಈ ಒಂದು ಮಾತನ್ನೇ.

ಭೈರು ಬಂದು ಅವಳ ಮುಂದೆ ಕೂತು ತಲೆಯೊಡ್ಡಿತು. ಕಲಿಸಿದ್ದನ್ನೆಲ್ಲ ಸರಿಯಾಗಿ ಮಾಡಿತ್ತು, ಪಾಪ. ಸವರಲು ಅವಳಿಗೆ ಕೈ ಏಳಲಿಲ್ಲ. ಅದು ಕಾಯುತ್ತಲೇ ಕೂತಿತ್ತು.