ಹಣೆಯ ಚರ್ಮ

ನನ್ನ ತಂಗಿ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವಳಲ್ಲ. ಯಮನೇ ಬಂದು ಬಾಗಿಲು ತಟ್ಟಿದರೂ ಕುರ್ಚಿ ಹಾಕಿ, ನೀರು ಕೊಟ್ಟು, ದಣಿದಿದ್ದೀರಿ ಪಾಪ ಎನ್ನುವ ಪೈಕಿ. ಅಂಥವಳ ಮೂಗಿನ ಮೇಲೆ ಹುಣ್ಣೊಂದು ಎದ್ದು ಕ್ಯಾನ್ಸರ್ ಆಗಿ ಕೂತಿತು.

ಆಸ್ಪತ್ರೆಯಲ್ಲಿ ಹೊಸ ಔಷಧವೊಂದರ ಪ್ರಯೋಗ ನಡೆದಿತ್ತು. ನರಕ್ಕೆ ಚುಚ್ಚುತ್ತಾರೆ. ಅದು ಮೈಯಲ್ಲೆಲ್ಲ ಹರಡಿ ಸುಮ್ಮನೆ ಮಲಗಿರುತ್ತದೆ. ಹುಣ್ಣಿನ ಮೇಲೆ ಕೆಂಪು ಬೆಳಕು ಬಿಟ್ಟರೆ ಎದ್ದು ಕ್ಯಾನ್ಸರನ್ನು ಸುಡುತ್ತದೆ. ಆಮೇಲೆ ಪಕ್ಕದ ಕಟ್ಟಡದ ಸರ್ಜನ್ನು ಅವಳ ಹಣೆಯ ಚರ್ಮವನ್ನೇ ಕೆಳಗಿಳಿಸಿ, ಹೋದಷ್ಟು ಮೂಗನ್ನು ಕಟ್ಟಿಕೊಡುತ್ತಾರೆ. ತೊಡಕು ಒಂದೇ. ಔಷಧ ಮೈ ಬಿಟ್ಟು ಹೋಗುವವರೆಗೆ ಜೋರು ಬೆಳಕು ಎಲ್ಲಿ ಬಿದ್ದರೂ ಅಲ್ಲಿನ ಚರ್ಮ ಬೆಂದುಹೋಗುತ್ತದೆ.

ನಾನು ಆ ಹಣೆಯನ್ನು ನಿಧಿ ಕಾಯುವ ಸರ್ಪದಂತೆ ಕಾದೆ. ಕಿಟಕಿಗೆ ಪರದೆ, ಪರದೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ನನ್ನ ಹಳೇ ಸೀರೆ. ನೊಣ ಬಂದರೂ ಗೋಡೆ ತಡವಿಕೊಂಡು ಹಾರಬೇಕು, ಅಷ್ಟು ಕತ್ತಲೆ. ಗೂಬೆರಾಣಿ ಎಂದು ಅವಳನ್ನು ರೇಗಿಸುತ್ತಿದ್ದೆ. ಅವಳು ಬ್ಯಾಂಡೇಜಿನೊಳಗೇ ನಗುತ್ತಿದ್ದಳು.

ಕೆಂಪು ಬೆಳಕು ಒಂದು ಸಲ ಆಗಿತ್ತು. ಅಂಚಿನಲ್ಲಿ ಚೂರು ಹುಣ್ಣು ಉಳಿದಿದೆ, ಇನ್ನೊಂದು ಸಲ ಬಿಡಬೇಕು ಎಂದಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಹಾಸಿಗೆ ಖಾಲಿ. ಪ್ಲಾಸ್ಟಿಕ್ ಸರ್ಜರಿಯವರು ಫೋಟೋಗೆ ಕರೆದುಕೊಂಡು ಹೋದರು ಎಂದಳು ನರ್ಸು. ಆಪರೇಷನ್ನಿಗೆ ಮೊದಲು ಮುಖವನ್ನು ಎಲ್ಲ ಕಡೆಯಿಂದ ಫೋಟೋ ತೆಗೆಯುವುದು ಅವರ ಪದ್ಧತಿಯಂತೆ. ಈ ವಯಸ್ಸಿನಲ್ಲಿ ನಾನು ಓಡಿದ ಓಟಕ್ಕೆ ಕುದುರೆಗಳು ನಾಚಬೇಕು. ಹೋಗಿ ನೋಡಿದರೆ, ಎರಡು ಸೂರ್ಯನಂಥ ದೀಪಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದಾಳೆ. ಉರಿಯುತ್ತಿದೆ ಎಂದು ಮೆಲ್ಲಗೆ ಹೇಳಿದಳಂತೆ. ಅಲ್ಲಾಡಬೇಡಿ ಎಂದನಂತೆ ಫೋಟೋದವನು. ಅಲ್ಲಾಡಲಿಲ್ಲ ಈ ಮಹಾತಾಯಿ. ನಾನು ಗೋಡೆಯಿಂದ ದೀಪಗಳ ವೈರನ್ನೇ ಕಿತ್ತೆಸೆದೆ.

ಸಂಜೆಗೆ ಹಣೆ ಊದಿ ಕೆಂಪಗಾಯಿತು. ಮರುದಿನ ನೀರುಗುಳ್ಳೆ ಎದ್ದವು. ಈ ಚರ್ಮವನ್ನು ಮೂಗಿಗೆ ತರುವಂತಿಲ್ಲ ಎಂದರು ಸರ್ಜನ್ನು. ಬೆಳಕಿನ ಔಷಧ ಕೊಟ್ಟ ವಿಷಯವನ್ನು ತಮಗೆ ಯಾರೂ ತಿಳಿಸಲಿಲ್ಲ ಎಂದೂ ಹೇಳಿದರು. ಸರ್ಜನ್ನು ಕೇಳಲಿಲ್ಲ ಎಂದರು ಪ್ರಯೋಗ ನಡೆಸುತ್ತಿದ್ದ ಔಷಧದ ಡಾಕ್ಟರು. ಎರಡು ಕಟ್ಟಡಗಳ ನಡುವೆ ಇರುವುದು ಒಂದು ಓಣಿ. ಆ ಓಣಿ ದಾಟಲಾರದ ಮಾತಿಗೆ ನನ್ನ ತಂಗಿಯ ಹಣೆ ಹೋಯಿತು.

ಅದಕ್ಕಿಂತ ಚೆನ್ನಾಗಿದೆ ಮುಂದಿನದು. ಔಷಧದ ಡಾಕ್ಟರು ಒಬ್ಬರೇ ಬಂದು, ಹಾಸಿಗೆಯ ಅಂಚಿಗೆ ಕೂತು, ಬೆಣ್ಣೆಯಂಥ ದನಿ ತೆಗೆದರು. ವಿಚಾರಣೆಗೆ ಜನ ಬರುತ್ತಾರೆ. ಕಿಟಕಿಯ ಪರದೆ ಸರಿದು ಬಿಸಿಲು ಬಿತ್ತು ಎಂದು ಹೇಳಿದರೆ ಸಾಕು. ಇಲ್ಲದಿದ್ದರೆ ಪ್ರಯೋಗವನ್ನೇ ನಿಲ್ಲಿಸುತ್ತಾರೆ, ಆಗ ಉಳಿದ ಹುಣ್ಣಿಗೆ ಎರಡನೇ ಸಲದ ಬೆಳಕು ಸಿಗುವುದಿಲ್ಲ, ಸರ್ಜನ್ನು ಮೂಗನ್ನು ಇನ್ನಷ್ಟು ಕೊಯ್ಯಬೇಕಾಗುತ್ತದೆ ಎಂದರು.

ನನ್ನ ಮೈಯೆಲ್ಲ ಬೆಂಕಿ. "ಕಂಬಳಿ ಹೊದಿಸಿದ್ದೀನಿ ನಾನು, ಸೀರೆ ಕಟ್ಟಿದ್ದೀನಿ. ಆ ಕಿಟಕಿಲಿ ಬಿಸಿಲು ಬಂತು ಅಂತ ನನ್ನ ಮುಖ ನೋಡ್ಕೊಂಡು ಹೇಳ್ತೀರಾ ಡಾಕ್ಟ್ರೇ?" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ತಂಗಿಯನ್ನೇ ನೋಡುತ್ತ ಕೂತರು. ತಲೆ ಆಡಿಸಿಯೇ ಬದುಕಿದವಳು ಅವಳು. ಈಗಲೂ ಆಡಿಸುತ್ತಾಳೆ ಎಂದು ಅವಳ ಮೇಲೂ ಸಿಟ್ಟು ಉಕ್ಕಿ ಬಂತು.

ಅವಳು ಪಕ್ಕದ ರೂಮಿನ ಟೈಲರ್ ಹೆಂಗಸಿನ ಬಗ್ಗೆ ಕೇಳಿದಳು. ಆ ಹೆಂಗಸಿಗೂ ಅದೇ ಔಷಧ ಕೊಟ್ಟಿದ್ದರು, ಕೆನ್ನೆಯ ಹುಣ್ಣಿಗೆ.

"ಅವಳನ್ನೂ ಆ ಫೋಟೋ ರೂಮಿಗೇ ಕಳಿಸ್ತೀರಲ್ವಾ?"

ಅದು ಬೇರೆ ವಿಷಯ ಎಂದರು ಡಾಕ್ಟರು.

"ಬೇರೆ ಹೇಗಾಗುತ್ತೆ ಸಾರ್? ಪರದೆ ಸರೀತು ಅಂತ ನಾನಂದ್ರೆ ಪರದೆಗೆ ಹೊಲಿಗೆ ಹಾಕಿಸ್ತೀರಿ. ಆ ದೀಪ ಹಾಗೇ ಉರೀತಿರುತ್ತೆ. ನಾನು ಹೇಳಲ್ಲ."

ಡಾಕ್ಟರು ಎದ್ದು ಹೋದರು. ಬಾಗಿಲನ್ನು ಸರಿಯಾಗಿ ಮುಚ್ಚುವಷ್ಟು ವ್ಯವಧಾನವೂ ಇರಲಿಲ್ಲ. ನಾನೇ ಹೋಗಿ ದಬ್ಬಿದೆ.

ವಿಚಾರಣೆಯವರ ಮುಂದೆ ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಪ್ರಯೋಗ ನಿಂತಿತು. ಎರಡನೇ ಬೆಳಕು ಸಿಗಲಿಲ್ಲ. ಔಷಧ ಮೈ ಬಿಟ್ಟ ಮೇಲೆ ಸರ್ಜನ್ನು ಉಳಿದ ಹುಣ್ಣನ್ನು ಕೊಯ್ದರು, ಜೊತೆಗೆ ಮೂಗಿನ ಇನ್ನೊಂದಿಷ್ಟು ಹೋಯಿತು. ಹಣೆಯ ಬದಲು ಮುಂಗೈ ಚರ್ಮ ತಂದು ಮೂಗು ಕಟ್ಟಿದರು. ಮುಖಕ್ಕಿಂತ ಬಿಳಿಚಿಕೊಂಡ, ದಪ್ಪನೆಯ ಮೂಗು.

ಬ್ಯಾಂಡೇಜು ಬಿಚ್ಚಿದ ದಿನ ಸರ್ಜನ್ನು ಕನ್ನಡಿ ಕೊಟ್ಟರು. ಅವಳು ನೋಡಿದಳು, ಬೆರಳಿನಿಂದ ಮುಟ್ಟಿದಳು, ಕನ್ನಡಿಯನ್ನು ಮಗುಚಿಟ್ಟಳು. ಫೋಟೋ ರೂಮಿನವರಿಗೆ ವಿಷಯ ತಿಳಿಸಿದ್ದೀರಾ ಎಂದು ಕೇಳಿದಳು. ತಿಳಿಸಿದ್ದೇವೆ ಎಂದರು ಅವರು.

"ಅಕ್ಕ, ನೀನೇ ಹೋಗಿ ಕೇಳ್ಕೊಂಡು ಬಾ," ಎಂದಳು ನನಗೆ.

ಹೋದೆ. ಫೋಟೋದವನು ನನ್ನನ್ನು ಕಂಡವನೇ ದೀಪದ ವೈರಿಗೆ ಅಡ್ಡ ನಿಂತ. ನಾಳೆ ಪ್ರಯೋಗ ಮತ್ತೆ ಶುರುವಾಗಿ ಬೆಳಕಿನ ಔಷಧ ಚುಚ್ಚಿಸಿಕೊಂಡವರು ಬಂದರೆ ಏನು ಮಾಡುತ್ತೀಯ ಎಂದು ಕೇಳಿದೆ. ದೀಪ ಹಾಕುವುದಿಲ್ಲ, ವಾರ್ಡಿಗೆ ಫೋನ್ ಮಾಡಿ ವಾಪಸ್ಸು ಕಳಿಸುತ್ತೇನೆ ಎಂದು ನೆಲ ನೋಡಿಕೊಂಡು ಹೇಳಿದ.

"ನೆಲಕ್ಕೆ ಹೇಳ್ಬೇಡ. ತಲೆ ಎತ್ತಿ ಇನ್ನೊಂದ್ಸಲ ಹೇಳು," ಎಂದು ಸ್ಟೂಲು ಎಳೆದುಕೊಂಡು ಕೂತೆ.